ಮಗಳ ಕೈ ಟಿವಿಯಲ್ಲಿ ಬಂದ ವರ್ಷ

ಹೋದ ವಾರ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ದಾಂಡೇಲಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗಿ ಬ್ಯಾಗಿನಿಂದ ಸಣ್ಣ ಟ್ಯೂಬೊಂದನ್ನು ತೆಗೆದು ಎರಡೂ ಕೈಗೆ ಕ್ರೀಮ್ ಹಚ್ಚಿಕೊಂಡು, ಬೆರಳ ಸಂದಿಯನ್ನೂ ಬಿಡದೆ ತಿಕ್ಕಿಕೊಳ್ಳತೊಡಗಿದಳು. ಬಾದಾಮಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಏನೂ ತಪ್ಪು ಮಾಡದ ಆ ಹುಡುಗಿಯ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಆಚೆಯ ಬೆಂಚಿಗೆ ಹೋಗಿ ಕೂತೆ. ಇದೇ ವಾಸನೆ ಒಂದು ಇಡೀ ಮಳೆಗಾಲ ನಮ್ಮ ಮನೆಯ ಹಾಸಿಗೆಗೆ, ರೊಟ್ಟಿಯ ಬುಟ್ಟಿಗೆ, ಕೊನೆಗೆ ನಾನು ತಿದ್ದಲು ತಂದ ಉತ್ತರಪತ್ರಿಕೆಗಳ ಕಟ್ಟಿಗೂ ಹತ್ತಿಕೊಂಡಿತ್ತು ಎಂದು ಆಕೆಗೆ ಹೇಗೆ ಗೊತ್ತಾಗಬೇಕು?

ನನ್ನ ಮಗಳು ಪಲ್ಲವಿ ಪಿಯುಸಿ ಎರಡನೇ ವರ್ಷದಲ್ಲಿದ್ದಾಗಿನ ಮಾತು. ಓದುತ್ತಿದ್ದದ್ದು ವಿಜ್ಞಾನ, ಮಳೆಗಾಲ ದಾಟಿ ಚಳಿಗಾಲ ಕಳೆದರೆ ಪರೀಕ್ಷೆ. ಬೇರೆ ಮನೆಗಳಲ್ಲಿ ಅಂಥ ವರ್ಷ ಟಿವಿಯ ಕನೆಕ್ಷನ್ ತೆಗೆಸುತ್ತಾರೆ. ನಮ್ಮ ಮನೆಯಲ್ಲಿ ಮಗಳೇ ಟಿವಿಯೊಳಗೆ ಹೋದಳು. ಪೂರ್ತಿ ಹೋಗಿದ್ದರೆ ನಾಲ್ಕು ಜನಕ್ಕೆ ಹೇಳಿಕೊಳ್ಳಬಹುದಿತ್ತು. ಅವಳು ಹೋದದ್ದು ಮಣಿಕಟ್ಟಿನವರೆಗೆ ಮಾತ್ರ.

ನಾವು ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಹತ್ತಿರದ ಸಾಲುಮನೆಗಳಲ್ಲಿ ಇರುವವರು. ಮಾವ ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದವರು. ಅವರು ಈಗಿಲ್ಲ. ನಮ್ಮ ಯಜಮಾನರು ಅದೇ ಕೆಲಸದಲ್ಲಿ ಶಿಫ್ಟಿನ ಮೇಲೆ ಹೋಗಿಬರುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅತ್ತೆ ನೀಲವ್ವನವರು ಮದುವೆಯಾಗಿ ಬರುವಾಗ ತವರಿನಿಂದ ತಂದ ವಸ್ತುಗಳಲ್ಲಿ ಇವತ್ತಿಗೂ ಉಳಿದಿರುವುದು ಒಂದು ಹಿತ್ತಾಳೆ ಕೊಡ ಮತ್ತು ಚಕ್ಕಾ ಆಡುವ ಒಂದು ಮರದ ಹಲಗೆ. ಕೊಡವನ್ನು ಯಾರು ಬೇಕಾದರೂ ಮುಟ್ಟಬಹುದು.

ಬೇರೆ ಕಡೆ ಚೌಕಾಬಾರ ಎನ್ನುವುದೇ ನಮ್ಮ ಕಡೆ ಚಕ್ಕಾ. ಐದೈದು ಸಾಲಿನ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಬಿದ್ದಷ್ಟು ಮನೆ ನಡೆಯುತ್ತ ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು. ಎದುರಿನವರ ಕಾಯಿ ಕೂತ ಮನೆಗೆ ನಮ್ಮ ಕಾಯಿ ಹೋಗಿ ಬಿದ್ದರೆ ಅದನ್ನು ಕಡಿದಂತೆ. ಅದು ಮತ್ತೆ ಮೊದಲಿನಿಂದ ಹೊರಡಬೇಕು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಅರ್ಧ ಜನ ಮರೆಯುವುದು ಮುಂದಿನದನ್ನು. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಯಾರೂ ಒಳಸುತ್ತು ಹೊಗುವಂತಿಲ್ಲ. ಕಡಿಯುವ ತನಕ ಹೊರಗೇ ಸುತ್ತುತ್ತಿರಬೇಕು.

ಇದರ ಮೇಲೆ ಅತ್ತೆಯ ತವರಿನ ಪದ್ಧತಿ ಒಂದಿದೆ. ಕಡಿದ ಕಾಯಿಯನ್ನು ಬದಿಗೆ ಒಗೆಯಬಾರದು. ಅದನ್ನೆತ್ತಿ ಹಲಗೆಯ ಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿದು, ಅದು ಯಾರದೋ ಅವರ ಬಲಗೈಗೆ ಕೊಡಬೇಕು. ಅವರು ಕೈ ಚಾಚಿ ತೆಗೆದುಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ನಾನು ಇದಕ್ಕೇನೋ ದೇವರ ಕಾರಣ ಇರಬೇಕು ಎಂದುಕೊಂಡಿದ್ದೆ. ಕೇಳಿದರೆ ಅತ್ತೆ ನಕ್ಕರು.

“ಪಂಚಮಿ ದಿನ ಹತ್ತ ಮಂದಿ ಹೆಂಗಸರ ಕುಂತಿರತಾರ. ಒಬ್ಬಾಕಿ ಉಂಡಿ ತಿಂತಿರತಾಳ, ಒಬ್ಬಾಕಿ ಕೂಸಿಗೆ ಹಾಲ ಕುಡಸ್ತಿರತಾಳ. ಆಮ್ಯಾಲ ನನ್ನ ಕಾಯಿ ಯಾವಾಗ ಕಡದ್ರಿ, ನಾ ನೋಡೇ ಇಲ್ಲ ಅಂತ ಜಗಳಾ ತಗೀತಾರ. ಕಣ್ಣ ಎತ್ತಾಗರ ಇರಲಿ, ಕಿವಿ ಇರತೈತೆಲ್ಲ.”

ನಮ್ಮ ಸಾಲಿನ ಹೆಂಗಸರೆಲ್ಲ ಅತ್ತೆಯ ಕೈಯಲ್ಲಿ ಆಟ ಕಲಿತವರು. ಹಾಗಾಗಿ ಎಲ್ಲರೂ ಟಕ್ ಟಕ್ ಮಾಡುವವರೇ. ನಾಗಪಂಚಮಿಯ ಮರುದಿನ ನಮ್ಮ ಕಟ್ಟೆಯ ಮೇಲೆ ಆಟ ನಡೆದಿತ್ತು. ಹೊರಗೆ ಜಿಟಿಜಿಟಿ ಮಳೆ. ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುವ ಶಕುಂತಲಾಳ ಹತ್ತಿರ ಯಾರೋ ಹುಡುಗ ಅರ್ಜೆಂಟ್ ಹೊಲಿಗೆ ಎಂದು ಬಂದವನು ಅಲ್ಲೇ ನಿಂತುಬಿಟ್ಟ. ಚೇತನ್ ಎಂದು ಹೆಸರು, ಮೈಸೂರಿನವನು, ಧಾರಾವಾಹಿಯ ಸಹಾಯಕ ನಿರ್ದೇಶಕ. ಅವರ ತಂಡ ಕೋಗಿಲಬನದಲ್ಲಿ ರೂಮು ಹಿಡಿದು, ಹಳಿಯಾಳದ ರಸ್ತೆಯ ಒಂದು ಹಳ್ಳಿಯ ದೊಡ್ಡ ಹಳೇ ಮನೆಯಲ್ಲಿ ಶೂಟಿಂಗ್ ಶುರು ಮಾಡಿತ್ತು. ಕಥೆಯೇ ಚಕ್ಕಾ ಆಟದ್ದಂತೆ, ಆಟ ಸರಿಯಾಗಿ ಬರುವವರು ಮಾತ್ರ ಸಿಕ್ಕಿರಲಿಲ್ಲವಂತೆ.

ಕಥೆಯನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದ. ತಂದೆತಾಯಿ ಇಲ್ಲದ ಹುಡುಗಿ. ಮನೆಯನ್ನು ಅಪ್ಪನ ತಮ್ಮ, ಅವಳ ಕಾಕಾ, ನುಂಗಿಹಾಕಿದ್ದಾನೆ. ಆ ಮನೆತನದಲ್ಲಿ ಚಕ್ಕಾ ಗೆದ್ದವರಿಗೇ ಮನೆ ಎಂದು ಹಿಂದಿನಿಂದ ಬಂದ ಪದ್ಧತಿ. ಹುಡುಗಿ ಆಟ ಕಲಿತು, ಪಳಗಿ, ಕೊನೆಗೆ ಕಾಕಾನನ್ನು ಸೋಲಿಸಿ ಮನೆ ಗೆಲ್ಲುತ್ತಾಳೆ. ಯಾವ ಊರಿನ ಯಾವ ಮನೆತನದಲ್ಲಿ ಹೀಗೊಂದು ಪದ್ಧತಿ ಇತ್ತಪ್ಪಾ ಎಂದು ನಾನು ಕೇಳಿದೆ. ಕಥೆ ಮೇಡಂ ಎಂದ. ನಮ್ಮ ಯಜಮಾನರು ಮಾತ್ರ, ಕೋರ್ಟಿಗೆ ಅಲೆಯುವುದಕ್ಕಿಂತ ಇದೇ ವಾಸಿ ಎಂದು ಚಹಾ ಕುಡಿದು ಶಿಫ್ಟಿಗೆ ಹೋದರು.

ನಾಯಕಿಗೆ ಆಟ ಕಲಿಸಬೇಕು, ಹಲಗೆಯನ್ನೂ ಕೊಡಬೇಕು, ಟಿವಿಯಲ್ಲಿ ನಿಮ್ಮ ಹೆಸರು ಹಾಕುತ್ತೇವೆ ಎಂದು ನಿರ್ದೇಶಕರು ಮರುದಿನ ತಾವೇ ಬಂದು ಅತ್ತೆಗೆ ಕೇಳಿದರು. ಹೆಸರಿನ ಮಾತಿಗೆ ಅತ್ತೆ ತಲೆಯನ್ನೇ ಎತ್ತಲಿಲ್ಲ. ಅವರು ಕೇಳಿದ್ದು ಒಂದೇ.

“ಕಡೀಲಾರದ ಒಳಗ ಹೊಗಸಬಾರದ್ರಿ. ಅದೊಂದ ನಡಸಿಕೊಡ್ರಿ, ಹಲಗಿ ಒಯ್ರಿ.”

ಆಗಲಿ ಅಮ್ಮಾ, ಪ್ರಾಮಿಸ್ ಎಂದರು ನಿರ್ದೇಶಕರು. ಅತ್ತೆ ಅವರನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು, ಮಹಾ ತಿಳಿದವಳ ಹಾಗೆ, ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತಿಗಾಗಿ ನನ್ನ ನಾಲಿಗೆಯನ್ನು ಆ ಮಳೆಗಾಲವಿಡೀ ಬೈದುಕೊಂಡಿದ್ದೇನೆ.

ನಾಯಕಿ ಬೆಂಗಳೂರಿನ ಹುಡುಗಿ. ಒಳ್ಳೆಯವಳು, ಅತ್ತೆಯ ಕಾಲಿಗೂ ಬಿದ್ದಳು. ಆದರೆ ಬೆರಳಿಗೆ ಅಂಟಿಸಿಕೊಂಡ ಉದ್ದುದ್ದ ಉಗುರು. ಅವನ್ನು ತೆಗೆಯುವಂತಿಲ್ಲವಂತೆ, ಇನ್ನೊಂದು ಶೂಟಿಂಗಿಗೆ ಬೇಕಂತೆ. ಕವಡೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ವಾರಗಟ್ಟಲೆ ಕಲಿಸಿದ ಮೇಲೂ, ಈ ಹುಡುಗಿ ಕವಡೆ ಒಗೆಯುವುದು ಬೇಳೆಯೊಳಗಿನ ಹರಳು ಆರಿಸಿ ಒಗೆದ ಹಾಗಿದೆ ಎಂದು ಅತ್ತೆ ಬೇಜಾರು ಮಾಡಿಕೊಂಡರು. ಅಷ್ಟರಲ್ಲಿ ಕ್ಯಾಮೆರಾದವರ ಕಣ್ಣು ಆಟಕ್ಕೆ ಎದುರಾಳಿಯಾಗಿ ಕೂತಿದ್ದ ಪಲ್ಲವಿಯ ಮೇಲೆ ಬಿತ್ತು. ಮುಖದ ಮೇಲಲ್ಲ, ಕೈ ಮೇಲೆ. ಅಂದಿನಿಂದ ಮುಖ ನಾಯಕಿಯದು, ಕೈ ನನ್ನ ಮಗಳದು ಎಂದು ನಿಶ್ಚಯವಾಯಿತು.

ಪರೀಕ್ಷೆಯ ವರ್ಷ, ಬೇಡವೇ ಬೇಡ ಎಂದೆ. ವಾರಕ್ಕೆ ಒಂದೇ ದಿನ, ಅದೂ ಭಾನುವಾರ ಎಂದರು. ಅತ್ತೆ ಕಳಿಸು ಎಂದರು, ಯಜಮಾನರು ಕಳಿಸು ಎಂದರು, ಪಲ್ಲವಿ ಮೂರು ದಿನ ನನ್ನನ್ನು ಮಮ್ಮಿ ಎಂದೇ ಕರೆದಳು. ಅವಳಿಗೆ ಅಜ್ಜಿ ಆಯಿ, ನಾನು ಅವ್ವ, ಸಿಟ್ಟಿದ್ದಾಗ ಮಾತ್ರ ಮಮ್ಮಿ. ನಾಲ್ಕನೇ ದಿನ ನಾನು ಸೋತೆ.

ಆ ಮೇಲೆ ಆ ಟ್ಯೂಬು ಬಂತು. ದಿನಕ್ಕೆ ನಾಲ್ಕು ಸಲ ಹಚ್ಚಬೇಕು. ಬಿಸಿಲು ಬೀಳಬಾರದು, ಮಳೆಗಾಲದಲ್ಲಿ ಅದೊಂದು ತೊಂದರೆಯಾಗಲಿಲ್ಲ. ಭಾಂಡೆ ತಿಕ್ಕಬಾರದು, ಮೆಣಸಿನಕಾಯಿ ಮುಟ್ಟಬಾರದು, ಮೆಹಂದಿ ಹಚ್ಚಬಾರದು, ಬಳೆ ಬದಲಿಸಬಾರದು. ಕೊನೆಗೆ ಪೆನ್ನಿನ ಶಾಯಿಯೂ ಹತ್ತಬಾರದು. ಕೆಮಿಸ್ಟ್ರಿ ರೆಕಾರ್ಡ್ ಯಾಕೆ ಬರೆದಿಲ್ಲ ಎಂದು ಕೇಳಿದರೆ ಎರಡೂ ಕೈ ಎತ್ತಿ ತೋರಿಸುತ್ತಿದ್ದಳು, ಶಾಯಿ ಹತ್ತತೈತಿ ಎಂದು. ಬಾರಿಸಬೇಕು ಎನಿಸುತ್ತಿತ್ತು. ಅದಕ್ಕೂ ಅತ್ತೆ ಅಡ್ಡ. ಈ ಮೊದಲು ಹುಡುಗಿ ಒಂದು ಗಳಿಗೆ ಸುಮ್ಮನೆ ಕೂತರೂ ಸಹಿಸದವರು ಈಗ ಅವಳ ಕೈಗೆ ಕಾವಲು ನಿಂತರು. ಅವಳ ಪಾಲಿನ ಭಾಂಡೆಯನ್ನು ತಾವೇ ತಿಕ್ಕುತ್ತೇನೆಂದು ಕೂರುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಿಕ್ಕಿದ ಪಾತ್ರೆಯ ಅಂಚಿನಲ್ಲಿ ಸಾರು ಹಾಗೇ ಇರುತ್ತಿತ್ತು. ಅವರು ಎದ್ದು ಹೋದ ಮೇಲೆ ನಾನು ಸದ್ದಾಗದಂತೆ ಎಲ್ಲವನ್ನೂ ಮತ್ತೊಮ್ಮೆ ತಿಕ್ಕುತ್ತಿದ್ದೆ. ಮಳೆಗಾಲದ ನಲ್ಲಿ ನೀರು, ಬೆರಳು ಮರಗಟ್ಟುತ್ತಿದ್ದವು. ನನ್ನ ಕೈಗೆ ಕ್ರೀಮ್ ಹಚ್ಚು ಎಂದು ಯಾರೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಬರುತ್ತಿತ್ತು. ಅತ್ತೆ, ನಾನು, ಪಲ್ಲವಿ ಮೂವರೂ ಹೋಗುತ್ತಿದ್ದೆವು. ಮಳೆ ಬಂತು ಎಂದು ಒಂದು ತಾಸು, ಮಳೆ ನಿಂತಿತು, ಹನಿ ಆರಲಿ ಎಂದು ಇನ್ನೊಂದು ತಾಸು. ನಾನು ಫಿಸಿಕ್ಸ್ ಪುಸ್ತಕ ಹಿಡಿದು ಅವಳ ಹಿಂದೆಯೇ ತಿರುಗುತ್ತಿದ್ದೆ. ಅವಳು ಪುಟ ತಿರುವುವಂತಿಲ್ಲವಾದ್ದರಿಂದ ಪುಟವನ್ನೂ ನಾನೇ ತಿರುವಬೇಕು. ಕವಡೆಯ ಸದ್ದು ಅಸಲಿಯೇ ಇರಲಿ ಎಂದು ಹಲಗೆಯ ಕೆಳಗೆ ಮೈಕು ಸಿಗಿಸಿದ್ದರು. ಅಷ್ಟೆಲ್ಲ ಶ್ರದ್ಧೆ ಇದ್ದವರು ಆಟದ ಬಗ್ಗೆ ಒಂದು ಮಾತು ಕಲಿಯಲಿಲ್ಲ. ಎಂಟು ಬೀಳಿಸು, ಅಂದರೆ ನಾಲ್ಕೂ ಕವಡೆ ಬೋರಲಾಗಿ ಬೀಳಲಿ ಎಂದು ನಿರ್ದೇಶಕರು ಹೇಳುತ್ತಿದ್ದರು, ಚಹಾಕ್ಕೆ ಸಕ್ಕರೆ ಹಾಕು ಎಂದಷ್ಟು ಸಲೀಸಾಗಿ. ಹದಿನಾರು ಸಲಕ್ಕೊಮ್ಮೆ ಬಿದ್ದರೆ ನಿಮ್ಮ ಪುಣ್ಯ ಸರ್ ಎಂದು ಲೆಕ್ಕ ಬಿಡಿಸಿ ಹೇಳಿದೆ. ಒಂದು ಮಧ್ಯಾಹ್ನ ನೋಡುತ್ತೇನೆ, ಕವಡೆಗಳನ್ನು ಬೋರಲು ಮಾಡಿ ಗೋಂದಿನಿಂದ ಹಲಗೆಗೇ ಅಂಟಿಸಿಬಿಟ್ಟಿದ್ದಾರೆ.

ಅತ್ತೆ ಕುರ್ಚಿಯಿಂದ ಎದ್ದು ಬಂದು, ಕ್ಯಾಮೆರಾದ ಮುಂದೆಯೇ ಕೂತು, ಒಂದೊಂದೇ ಕವಡೆ ಕಿತ್ತು ಸೆರಗಿನಿಂದ ಒರೆಸಿದರು.

“ಕವಡಿ ಯಾರ ಮಾತೂ ಕೇಳಾಂಗಿಲ್ರಿ ಸಾಹೇಬ್ರ. ಒಂದ ಬೀಳಲಿ, ಎಂಟ ಬೀಳಲಿ. ಬಿದ್ದದ್ದಕ್ಕ ಯಾ ಕಾಯಿ ನಡಸಬೇಕಂತ ತಿಳೀತಂದ್ರ ಆಟ ಬಂತು.”

ಹುಡುಗಿ ಆಟದಲ್ಲಿ ಪಳಗುವುದನ್ನು ತೋರಿಸಲು ಬಂದವರಿಗೆ, ಪಳಗುವುದು ಎಂದರೆ ಏನೆಂದು ಅಲ್ಲಿಯೇ ಉತ್ತರ ಸಿಕ್ಕಿತ್ತು. ಅದು ಕಿವಿಗೆ ಬಿದ್ದದ್ದು ಚೇತನನೊಬ್ಬನಿಗೆ. ಕೈಗೆ ಕೆಂಪು ದಾರ ಕಟ್ಟಿಕೊಂಡಿದ್ದ ಆ ಹುಡುಗ ಬಿಡುವು ಸಿಕ್ಕಾಗೆಲ್ಲ ಅತ್ತೆಯ ಎದುರು ಬಂದು ಆಟಕ್ಕೆ ಕೂರುತ್ತಿದ್ದ. ಅತ್ತೆ ಒಂದಾದ ಮೇಲೆ ಒಂದು ಅವನ ಕಾಯಿ ಕಡಿದು ಟಕ್ ಟಕ್ ಎನ್ನುತ್ತಿದ್ದರು. ಕೊನೆಕೊನೆಗೆ ಫೋನಿನಲ್ಲಿ ಮಾತಾಡುತ್ತಿದ್ದರೂ ಆ ಸದ್ದು ಕೇಳಿದೊಡನೆ ಅವನ ಬಲಗೈ ತಾನಾಗಿಯೇ ಮುಂದೆ ಬರುತ್ತಿತ್ತು.

ಧಾರಾವಾಹಿ ಸಂಜೆ ಏಳಕ್ಕೆ ಬರತೊಡಗಿತು. ನಮ್ಮ ಸಾಲಿನಲ್ಲಿ ಆ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ನಿಂತೇಹೋಯಿತು. ತೆರೆಯ ಮೇಲೆ ಕೈ ಬಂದಾಗೆಲ್ಲ ಪಲ್ಲವೀ ಎಂದು ಎಲ್ಲರಿಗೂ ಸಂಭ್ರಮ. ನನಗೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ದಸರೆಯ ಹೊತ್ತಿಗೆ ಒಂದು ಕಂತಿನಲ್ಲಿ ನಾಯಕಿ ಅಭ್ಯಾಸಕ್ಕೆಂದು ಆಡುವ ದೃಶ್ಯ ಬಂತು. ಕವಡೆ ಬಿತ್ತು, ಕಾಯಿ ನಡೆಯಿತು, ಒಂದನ್ನೂ ಕಡಿಯದೆ ನೆಟ್ಟಗೆ ಒಳಸುತ್ತಿಗೆ ಹೋಗಿ ಹಣ್ಣಾಗಿಬಿಟ್ಟಿತು. ತೆಗೆದದ್ದನ್ನು ಹಿಂದುಮುಂದು ಮಾಡಿ ಜೋಡಿಸಿದ್ದರು. ಚೇತನನಿಗೆ ಫೋನ್ ಹಚ್ಚಿದರೆ ಸಾರಿ ಆಂಟಿ, ಎಡಿಟಿಂಗಲ್ಲಿ ಹಂಗಾಗಿದೆ, ಕೊನೆಯ ಆಟದಲ್ಲಿ ಸರಿ ಮಾಡೋಣ ಎಂದ.

ಅಭ್ಯಾಸದ ಒಂದು ದೃಶ್ಯ ತಾನೆ, ಹೋಗಲಿ ಎಂದು ನಾನು ಬಿಟ್ಟಿದ್ದೆ. ಎರಡು ದಿನ ಬಿಟ್ಟು ಶಕುಂತಲಾಳ ಕಟ್ಟೆಯ ಮೇಲೆ ಸಾಲಿನ ಹುಡುಗಿಯರು ಸೀಮೆಸುಣ್ಣದಲ್ಲಿ ಮನೆ ಬರೆದು ಆಡುತ್ತಿದ್ದರು. ಅತ್ತೆ ಹೋಗಿ ಹತ್ತಿರ ಕೂತರು. ಐದನೆಯ ಇಯತ್ತೆಯಲ್ಲಿ ಓದುವ ಶ್ರೇಯಾ ಕಡಿಯದೆಯೇ ಒಳಗೆ ಹೊಕ್ಕಳು. ಹಂಗ ಹೋಗಬಾರದವಾ ಎಂದು ಅತ್ತೆ ಕೈ ಅಡ್ಡ ಹಿಡಿದರು. ಆ ಹುಡುಗಿ ಸೌಮ್ಯವಾಗಿಯೇ ಹೇಳಿದಳು, ಇಲ್ಲ ಅಜ್ಜಿ, ಟಿವಿಯಾಗ ಹಿಂಗ ಐತಿ, ನಿಮಗ ಗೊತ್ತಿಲ್ಲ. ಉಳಿದವರೂ ಹೌದೆಂದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಮನೆಗೆ ಬಂದು ಗೋಡೆಗೆ ಒರಗಿ ಕೂತಿದ್ದರು.

“ನಾಕ ದಿನಾ ಹೋದ್ರ ಅದ ಖರೇ ಆಗತೈತಿ ನೋಡು. ನಮ್ಮವ್ವ ಕಲಿಸಿದ್ದ ಆಟ ನನ್ನ ಹಲಗಿ ಮ್ಯಾಲನ ಸುಳ್ಳಾತು. ನೀ ಮಾತ ಕೊಟ್ಟಿದ್ದಿ.”

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆಕೆ ನನಗೆ ಎಷ್ಟೋ ಅಂದಿದ್ದಾರೆ, ನಾನೂ ಅಂದಿದ್ದೇನೆ. ಈ ಮಾತಿಗೆ ಮಾತ್ರ ಬಹಳ ಕೆಟ್ಟೆನಿಸಿತು.

ಮುಂದಿನ ಭಾನುವಾರ ಅತ್ತೆಯನ್ನು ಮನೆಯಲ್ಲೇ ಬಿಟ್ಟು ಪಲ್ಲವಿಯ ಜೊತೆ ಹೋದೆ. ಕೊನೆಯ ಆಟದ ಕಾಗದ ತೋರಿಸಿ ಎಂದೆ. ಅದರಲ್ಲಿ ನಾಯಕಿಯ ಕಾಯಿ, ಎದುರಿಗಿದ್ದ ಕಾಕಾನ ಹಸಿರು ಕಾಯಿಯನ್ನು ಕಡಿಯುವ ಅವಕಾಶವಿದ್ದರೂ ಕಡಿಯದೆ, ಅದರ ಪಕ್ಕದಿಂದ ದಾಟಿ ಒಳಗೆ ಹೋಗಿ ಗೆಲ್ಲುತ್ತದೆ. ಕಾಕಾನಿಗೆ ಕಣ್ಣೀರು ಬರುತ್ತದೆ. ನನಗೆ ಬರುವುದೊಂದು ಬಾಕಿ.

“ನಮ್ಮ ಹೀರೋಯಿನ್ ಯಾರಿಗೂ ನೋವು ಮಾಡಲ್ಲ ಮೇಡಂ. ಅವಳು ಕಾಕಾನ ಕಾಯಿ ಹೊಡೆದರೆ ನೋಡೋರು ಒಪ್ಪಲ್ಲ” ಎಂದರು ನಿರ್ದೇಶಕರು.

“ಅದು ಕಟಗೀ ಕಾಯಿರಿ ಸರ್. ಅದಕ್ಕ ನೋವಾಗಾಂಗಿಲ್ಲ.”

ಅವರು ನಕ್ಕರು. ನನಗೆ ನಗು ಬಂದಿರಲಿಲ್ಲ. ಕಡಿಸಿಕೊಂಡ ಕಾಯಿ ಸಾಯುವುದಿಲ್ಲ, ಮತ್ತೆ ಮೊದಲಿನಿಂದ ಬರುತ್ತದೆ ಎಂದೆ. ಪ್ರಾಮಿಸ್ ಮಾಡಿದ್ದಿರಿ ಎಂದೆ. ಮನೆಯಲ್ಲಿ ಮುದುಕಿಯೊಬ್ಬರು ಇದೊಂದಕ್ಕಾಗಿ ಕಾದಿದ್ದಾರೆ ಎಂದೂ ಹೇಳಿದೆ. ಚಾನೆಲ್‌ನವರು ಒಪ್ಪಲ್ಲ ಮೇಡಂ, ಯಾರು ಇಷ್ಟೆಲ್ಲ ಗಮನಿಸುತ್ತಾರೆ ಎಂದು ಹೇಳಿ ಛತ್ರಿ ಬಿಚ್ಚಿಕೊಂಡು ಅಂಗಳಕ್ಕೆ ಇಳಿದರು. ಪಲ್ಲವಿ ಕ್ರೀಮ್ ಹಚ್ಚಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳುತ್ತ ಕೂತಿದ್ದಳು.

ಆ ಸಂಜೆ ಹೊಸ್ತಿಲು ದಾಟುವುದಕ್ಕೂ ಪುರಸತ್ತು ಕೊಡದೆ ಅತ್ತೆ ಏನಾತು ಎಂದು ಕೇಳಿದರು. ನನಗೆ ಸಾಕಾಗಿಹೋಗಿತ್ತು. ಎರಡು ತಿಂಗಳಿನ ಭಾಂಡೆ, ಮಳೆ, ಕಾರು, ಬರೆಯದ ರೆಕಾರ್ಡು, ಬಾದಾಮಿ ವಾಸನೆ ಎಲ್ಲ ಸೇರಿ ತಲೆ ಸಿಡಿಯುತ್ತಿತ್ತು.

“ಒಪ್ಪಿದಾರ್ರಿ ಅತ್ತಿ. ಕಡಿತಾಳ” ಎಂದೆ.

ಅತ್ತೆ ಹೂಂ ಎಂದು ಒಳಗೆ ಹೋದರು. ಪಲ್ಲವಿ ಚಪ್ಪಲಿ ಬಿಡುತ್ತ ನನ್ನನ್ನೊಮ್ಮೆ ನೋಡಿದಳು. ಶಾಲೆಯಲ್ಲಿ ಮಕ್ಕಳ ಸುಳ್ಳನ್ನು ಕಣ್ಣಲ್ಲೇ ಹಿಡಿಯುವ ನಾನು ಅವಳ ಕಣ್ಣನ್ನು ತಪ್ಪಿಸಿ ಅಡುಗೆಮನೆಗೆ ನಡೆದೆ. ಹೇಗೂ ಅತ್ತೆಗೆ ಸರಿಯಾಗಿ ಕಾಣಿಸುವುದಿಲ್ಲ, ಆ ದಿನ ಪಕ್ಕದಲ್ಲಿ ಕೂತು ಕಡಿದಳು ಎಂದರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಂಥ ಲೆಕ್ಕಕ್ಕೆ ನನ್ನ ವಿದ್ಯಾರ್ಥಿಗಳಿಗಾದರೆ ಸೊನ್ನೆ ಹಾಕುತ್ತಿದ್ದೆ.

ಕೊನೆಯ ಆಟದ ಶೂಟಿಂಗಿಗೆ ನಾನು ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಎಂದು ಹೇಳಿದೆ. ಇತ್ತು ಕೂಡ. ಆದರೆ ನನ್ನ ಮಗಳ ಕೈಯಿಂದಲೇ ಆ ತಪ್ಪಾಟ ಆಡಿಸುವುದನ್ನು ನೋಡುವ ಮನಸ್ಸಿರಲಿಲ್ಲ. ಅಪ್ಪ ಮಗಳು ಹೋಗಿ ಬಂದರು. ಹೇಗಾಯಿತು ಎಂದು ಕೇಳಿದರೆ ಯಜಮಾನರು ಅಲ್ಲಿಯ ಊಟವನ್ನು ಹೊಗಳಿದರು. ಪಲ್ಲವಿ ತಂದ ಹಲಗೆಯನ್ನು ಒರೆಸಿ ಅತ್ತೆಯ ಮಂಚದ ಕೆಳಗಿಟ್ಟು ಓದಲು ಕೂತಳು. ತಾನಾಗಿ ಓದಲು ಕೂತಳಲ್ಲ, ಪಾಪ, ಅವಳಿಗೂ ಬೇಜಾರಾಗಿರಬೇಕು ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಕೊಟ್ಟು, ಒಂದು ವಾರ ಟಿವಿ ನೋಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಧಾರಾವಾಹಿಯ ಕೊನೆಯ ಮೂರು ಕಂತು ಬರುತ್ತಿದ್ದುದು ಅದೇ ವಾರದಲ್ಲಿ. ಮೊದಲೆರಡು ದಿನ ಅತ್ತೆ ಡಾಕ್ಟರಿಗೂ ಸೊಪ್ಪು ಹಾಕದೆ, ಕಪ್ಪು ಕನ್ನಡಕದೊಳಗಿಂದಲೇ ಎಲ್ಲರಿಗಿಂತ ಮುಂದೆ ಕೂತು ನೋಡಿದರು. ಎಷ್ಟು ಹೇಳಿದರೂ ಕೇಳಲಿಲ್ಲ. ಇನ್ನು ನನ್ನ ಕೆಲಸ ಕೆಟ್ಟಿತು, ಪೊರೆ ಹೋದ ಕಣ್ಣಿಗೆ ಎಲ್ಲ ನಿಚ್ಚಳವಾಗಿ ಕಾಣುತ್ತದೆ ಎಂದುಕೊಂಡೆ.

ಕೊನೆಯ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಕುಂತಲಾ, ಶ್ರೇಯಾ, ಸಾಲಿನ ಅಷ್ಟೂ ಹೆಂಗಸರು, ಮಕ್ಕಳು. ಏಳು ಹೊಡೆಯುವಷ್ಟರಲ್ಲಿ ಅತ್ತೆ ತಮ್ಮ ಕುರ್ಚಿಯನ್ನು ಎಳೆದು, ಗೋಡೆಯ ಕಡೆ ತಿರುಗಿಸಿ, ಟಿವಿಗೆ ಬೆನ್ನು ಮಾಡಿ ಕೂತರು. ಯಾಕ್ರಿ ಎಂದರೆ ಡಾಕ್ಟರ ಬ್ಯಾಡ ಅಂದಾರ ಎಂದರು. ಕೊನೆಗಾದರೂ ಡಾಕ್ಟರ ಮಾತು ನೆನಪಾಯಿತಲ್ಲ ಎಂದು ನನಗೆ ಹೋದ ಜೀವ ಬಂದಂತಾಯಿತು. ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹೇಳಬೇಕಾದ ಸುಳ್ಳು ನಾಲಿಗೆಯ ಮೇಲೇ ಇತ್ತು.

ಆಟ ಶುರುವಾಯಿತು. ನಾಯಕಿಯ ಮುಖ, ಕಾಕಾನ ಮುಖ, ಪಲ್ಲವಿಯ ಕೈ. ಕವಡೆ ಬಿದ್ದಾಗೆಲ್ಲ ಡೊಳ್ಳು, ಶಂಖ, ಸಿಡಿಲು. ಮತ್ತೊಮ್ಮೆ ಕವಡೆ ಬಿತ್ತು. ಆಗ ಅದೇನು ತಿಳಿಯಿತೋ ಆ ನಿರ್ದೇಶಕರಿಗೆ, ಎಲ್ಲ ಸಂಗೀತ ನಿಲ್ಲಿಸಿಬಿಟ್ಟಿದ್ದರು. ಕೋಣೆಯಲ್ಲೂ ಸದ್ದಿಲ್ಲ. ತೆರೆಯ ಮೇಲೆ ಪಲ್ಲವಿಯ ಕೈ ಕೆಂಪು ಕಾಯಿಯನ್ನು ಎತ್ತಿತು. ಪಕ್ಕದಿಂದ ದಾಟಿ ಹೋಗಬೇಕಾದ ಕಾಯಿ ದಾಟಲಿಲ್ಲ. ನೆಟ್ಟಗೆ ಹಸಿರು ಕಾಯಿ ಇದ್ದ ಮನೆಯಲ್ಲೇ ಕೂತಿತು. ಎರಡು ಬೆರಳು ಹಸಿರು ಕಾಯಿಯನ್ನು ಎತ್ತಿದವು.

ಟಕ್. ಟಕ್.

ಬಲಗಡೆಯಿಂದ ಒಂದು ಗಂಡುಕೈ ಬಂದು ಬೊಗಸೆಯಂತೆ ತೆರೆದುಕೊಂಡಿತು. ಪಲ್ಲವಿಯ ಕೈ ಆ ಅಂಗೈಯಲ್ಲಿ ಕಾಯಿ ಇಟ್ಟಿತು. ಕಾಕಾ ಮಾಡಿದ ನಟನ ಕೈ ಅದಲ್ಲ. ಮಣಿಕಟ್ಟಿಗೆ ಕೆಂಪು ದಾರವಿತ್ತು.

ಅಷ್ಟು ದಿನ ಬಾಯಲ್ಲಿಟ್ಟುಕೊಂಡ ಸುಳ್ಳು ಈಗ ಸತ್ಯವಾಗಿ ನಿಂತಿದೆ, ಹೇಳಲು ಆಗುತ್ತಿಲ್ಲ. ಅತ್ತೆಯ ಕಡೆ ನೋಡಿದೆ. ಗೋಡೆ ನೋಡುತ್ತ ಕೂತವರ ಕತ್ತು ನೆಟ್ಟಗಾಗಿತ್ತು.

“ಯಾರ ಕಾಯಿ?” ಎಂದು ಕೇಳಿದರು.

“ಕಾಕಾಂದರಿ” ಎಂದೆ.

“ಹಂಗಾರ ಒಳಗ ಹೋಗಲಿ.”

ಕವಡೆ ಇನ್ನೊಮ್ಮೆ ಬಿತ್ತು, ಕೆಂಪು ಕಾಯಿ ಒಳಗೆ ಹೋಗಿ ಹಣ್ಣಾಯಿತು. ತೆರೆಯ ಮೇಲೆ ನಾಯಕಿ, ತನ್ನ ಕೈ ಮಾಡಿದ್ದು ತನಗೆ ಗೊತ್ತೇ ಇಲ್ಲದಂತೆ, ಯಾರಿಗೂ ನೋವು ಮಾಡದ ಮುಖದಲ್ಲಿ ಕಣ್ಣೀರು ಸುರಿಸಿದಳು. ಶ್ರೇಯಾ ಪಕ್ಕದ ಹುಡುಗಿಗೆ, ಕಡಿದ ಮ್ಯಾಲನ ಹೋಗಬೇಕಂತ, ಟಿವಿಯಾಗ ಹಂಗ ಐತಿ ಎಂದಳು. ತಿಂಗಳುಗಟ್ಟಲೆ ಆಟವನ್ನು ಊರಿಗೆಲ್ಲ ತೋರಿಸಿದವರಲ್ಲಿ ಚೇತನನನ್ನು ಬಿಟ್ಟರೆ ಒಬ್ಬರಿಗೂ ಆಟ ಬರುತ್ತಿರಲಿಲ್ಲವಾದ್ದರಿಂದ, ಅವರ ಕಣ್ಣೆದುರೇ ನಡೆದದ್ದು ಅವರಿಗೆ ಕಾಣಲಿಲ್ಲ. ಮಳೆ ಬರುವ ಮೊದಲು ಮುಗಿಸುವ ಗಡಿಬಿಡಿಯಲ್ಲಿ, ಕಾಯಿಯನ್ನು ಕೈಗೆ ಕೊಟ್ಟದ್ದು ಬಹಳ ಚೆನ್ನಾಗಿ ಬಂತು, ಸೆಂಟಿಮೆಂಟ್ ಇದೆ ಎಂದು ನಿರ್ದೇಶಕರು ಓಕೆ ಮಾಡಿದರಂತೆ. ಕೈಗಳನ್ನಷ್ಟೇ ತೆಗೆಯುವಾಗ ಕಾಕಾನ ನಟನ ಬದಲು ಹಲಗೆಯ ಆ ಬದಿಗೆ ಚೇತನ್ ಕೂತಿದ್ದನಂತೆ. ಸದ್ದು ಕೇಳಿತು ಆಂಟಿ, ಕೈ ತಾನೇ ಹೋಯ್ತು ಎಂದು ಆಮೇಲೆ ಫೋನಿನಲ್ಲಿ ಹೇಳಿದ.

ಹೆಸರುಗಳು ಓಡಿದವು. ಊಟದ ವ್ಯವಸ್ಥೆಯವರ ಹೆಸರು ಬಂತು, ಜನರೇಟರಿನವರ ಹೆಸರು ಬಂತು. ನೀಲವ್ವನೂ ಇಲ್ಲ, ಪಲ್ಲವಿಯೂ ಇಲ್ಲ. ಹೆಂಗಸರೆಲ್ಲ ಅದನ್ನೇ ಆಡಿಕೊಳ್ಳುತ್ತ ಎದ್ದು ಹೋದರು. ನನಗೆ ಮೈ ಉರಿಯಿತು, ಇವತ್ತಿಗೂ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಅತ್ತೆಗೆ ಅದರ ಖಬರೇ ಇರಲಿಲ್ಲ. ಕುರ್ಚಿಯಿಂದ ಏಳಲು ನನ್ನ ಭುಜ ಹಿಡಿದವರು ಮೆಲ್ಲಗೆ ಹೇಳಿದರು.

“ನಿನ್ನ ಮಾತ ನಂಬಿದ್ರ ನಾ ಟಿವಿ ಕಡೆ ಮಾರಿ ಮಾಡಿ ಕುಂದರತಿದ್ನಿ.”

ಆಮೇಲೆ ಒಳಗಿನ ಕೋಣೆಯ ಕಡೆ ತಿರುಗಿ, ಏ ಪಲ್ಲವಿ, ಕೈ ಕಾಯೂದು ಸಾಕು, ಇನ್ನ ಭಾಂಡಿ ತಿಕ್ಕು ಹೋಗ ಎಂದು ಕೂಗಿದರು.

ಊಟವಾದ ಮೇಲೆ ಹೋಗಿ ನೋಡಿದರೆ ಅವಳು ಬಚ್ಚಲಲ್ಲಿ ಕೂತು ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು ತಿಕ್ಕುತ್ತಿದ್ದಳು. ಇಷ್ಟು ದಿನ ನನಗೊಂದು ಮಾತು ಹೇಳಲು ಏನಾಗಿತ್ತು, ನಾನಿಲ್ಲಿ ಎದೆಯಲ್ಲಿ ಕೆಂಡ ಇಟ್ಟುಕೊಂಡು ಕೂತಿದ್ದೆ ಎಂದು ಬೈದೆ. ಅವಳು ತಲೆಯೆತ್ತಲಿಲ್ಲ.

“ಕಡಿತಾಳ ಅಂತ ಆಯಿಗೆ ನೀನ ಹೇಳಿದ್ದೆಲ್ಲ ಅವ್ವಾ. ಅದಕ್ಕ ಕಡದ್ನಿ.”

ನಾನು ಒಳಗೆ ಹೋಗಿ, ಎರಡು ದಿನದಿಂದ ಯಾರೂ ಮುಟ್ಟದೆ ಬಿಟ್ಟಿದ್ದ, ತಳಕ್ಕೆ ಹಾಲು ಹತ್ತಿದ ಪಾತ್ರೆಯನ್ನು ತಂದು ಅವಳ ಮುಂದೆ ಇಟ್ಟೆ. ಇದನ್ನೂ ತಿಕ್ಕು ಎಂದೆ.